ಗಿರಿಯಣ್ಣನ ಗಾಡಿಯ ಬಲಗಡೆ

ಮೃದಂಗದವನು ಗ್ಲೋವ್ ಬಾಕ್ಸಿನ ಮೇಲೆ ಕೂತಿರುತ್ತಿದ್ದ. ಹಾಡುವವರು ಡ್ಯಾಶ್‌ಬೋರ್ಡಿನ ನಡುಮಧ್ಯ. ಪಿಟೀಲಿನವನು ಬಲಕ್ಕೆ, ಸ್ಟಿಯರಿಂಗಿನ ಆಚೆ, ಹೊರಗನ್ನಡಿ ಬಾಗಿಲಿಗೆ ಸೇರುವ ಮೂಲೆಯಲ್ಲಿ.

"ಕಣ್ಣು ಮುಚ್ಚು. ಈಗ ಹೇಳು, ಮೃದಂಗ ಎಲ್ಲಿದೆ?"

"ಇಲ್ಲಿ" ಎಂದು ನಾನು ಎದುರಿಗೆ ಕೈ ಚಾಚಿದರೆ ಗಿರಿಯಣ್ಣ ನನ್ನ ಮಣಿಕಟ್ಟು ಹಿಡಿದು ನಾಲ್ಕು ಬೆರಳು ಎಡಕ್ಕೆ ಸರಿಸುತ್ತಿದ್ದ. "ಅವನ ತೊಡೆ ಮೇಲೆ ಕೈಯಿಟ್ಟಿದೀಯಲ್ಲೋ ಮಾರಾಯ. ತೆಗಿ, ಪಾಪ, ನುಡಿಸ್ಲಿ."

ಭಾನುವಾರ ಬೆಳಿಗ್ಗೆ, ಭದ್ರಾವತಿಯ ಜನ್ನಾಪುರದ ನಮ್ಮ ಬೀದಿಯಲ್ಲಿ, ಎಂಜಿನ್ ಆರಿಸಿ ಗಾಜು ಏರಿಸಿ ನಿಲ್ಲಿಸಿದ ಗಾಡಿಯೊಳಗೆ ಇಬ್ಬರು ಗಂಡಸರು ಕಚೇರಿಯ ಕ್ಯಾಸೆಟ್ ಹಾಕಿಕೊಂಡು ಕಣ್ಣು ಮುಚ್ಚಿ ಬೆವರುತ್ತ ಕೂತಿರುವುದನ್ನು ಹಾಲಿನವನಿಂದ ಹಿಡಿದು ಎಲ್ಲರೂ ನೋಡಿದ್ದಾರೆ. ಫ್ಯಾನ್ ಹಾಕಿದರೆ ಶಬ್ದ. ಗಾಜು ಇಳಿಸಿದರೆ ಬೀದಿಯೇ ಒಳಗೆ ಬರುತ್ತದೆ. ಆದ್ದರಿಂದ ಬೆವರು.

ಹೀಗೆ ಶುರುಮಾಡಿದರೆ ಗಿರಿಯಣ್ಣ ಸಂಗೀತದ ಮನುಷ್ಯ ಎನಿಸುತ್ತದೆ. ಹಾಗಲ್ಲ. ಅವನಿಗೆ ಒಂದು ರಾಗದ ಹೆಸರು ಬರುತ್ತಿರಲಿಲ್ಲ. ತಾಳ ಹಾಕಿದರೆ ತಪ್ಪುತ್ತಿತ್ತು. ಅವನಿಗೆ ಬೇಕಾಗಿದ್ದುದು ಯಾರು ಎಲ್ಲಿ ಕೂತಿದ್ದಾರೆ ಎಂಬುದು ಮಾತ್ರ. ಭಾರದ ವಸ್ತು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಅದರ ಕೆಳಗೆ ಯಾರಿದ್ದಾರೆ ಎಂದು ಇಪ್ಪತ್ತೆಂಟು ವರ್ಷ ನೋಡಿದವನಿಗೆ ಹಾಡನ್ನೂ ಹಾಗೆಯೇ ನೋಡಬೇಕಿತ್ತು.

ಭದ್ರಾವತಿಯ ಕಾರ್ಖಾನೆಯಲ್ಲಿ ಅವನು ಕ್ರೇನ್ ಆಪರೇಟರ್. ಷೆಡ್ಡಿನ ಮಾಡಿನಡಿ ಹಳಿಗಳ ಮೇಲೆ ಆಚೀಚೆ ಓಡುವ ಕ್ರೇನಿಗೆ ಒಂದು ಪೆಟ್ಟಿಗೆಯಂಥ ಕ್ಯಾಬಿನ್ ತೂಗುಹಾಕಿರುತ್ತದೆ. ಅದರಲ್ಲಿ ಕೂತು, ಕೆಳಗಿನವರು ಕೈಯಲ್ಲಿ ಮಾಡುವ ಸನ್ನೆ ನೋಡಿ, ಕಬ್ಬಿಣ ಎತ್ತಿ ಇಳಿಸುವ ಕೆಲಸ. ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. "ಬಾಯಿ ಸುಳ್ಳು ಹೇಳುತ್ತೆ ಕಣೋ. ಕೈ ಹೇಳಲ್ಲ" ಎನ್ನುತ್ತಿದ್ದ. ಮನೆಯಲ್ಲೂ ಅದೇ ಭಾಷೆ. ಹೆಬ್ಬೆರಳು ಮೇಲೆ ಮಾಡಿದರೆ ಇನ್ನೊಂದು ದೋಸೆ. ಅಂಗೈ ಅಡ್ಡ ಹಿಡಿದರೆ ಸಾಕು. ತೋರುಬೆರಳು ಕೆಳಗೆ ಮಾಡಿ ಸಣ್ಣಗೆ ಸುತ್ತಿಸಿದರೆ ಚಟ್ನಿ, ಆದರೆ ನಿಧಾನಕ್ಕೆ ಇಳಿಸಬೇಕು.

"ನಾನೇನು ಕಬ್ಬಿಣ ಬಡಿಸ್ತಿದೀನಾ? ಬಾಯಿ ಬಿಟ್ಟು ಕೇಳಿ" ಎಂದು ಅವನ ಹೆಂಡತಿ ಲಲಿತಕ್ಕ ಗದರುತ್ತಿದ್ದಳು. ಬಾಯಿ ಬಿಟ್ಟರೆ ಅವನ ದನಿ ಮೂರನೇ ಮನೆಗೆ ಕೇಳುತ್ತಿತ್ತು. ಕಾರ್ಖಾನೆಯವರ ದನಿಯೇ ಹಾಗೆ ಎಂದು ನಮ್ಮ ಬೀದಿಯಲ್ಲಿ ಯಾರೂ ಅದನ್ನು ಗಮನಿಸುತ್ತಿರಲಿಲ್ಲ.

ಕ್ರೇನ್ ಬರುವಾಗ ಕೆಳಗಿನವರು ಸರಿಯಲೆಂದು ಕಾಲಿನಿಂದ ತುಳಿದು ಬಾರಿಸುವ ಗಂಟೆಯೊಂದಿರುತ್ತದೆ. ಅದು ತನಗೇ ಕೇಳಿಸದಿದ್ದರೆ ಬಾರಿಸುತ್ತಿದೆ ಎಂದು ನಂಬುವುದು ಹೇಗೆ? ಗಿರಿಯಣ್ಣ ಯಾರ ಅಪ್ಪಣೆಯನ್ನೂ ಕೇಳದೆ ಗಂಟೆಯನ್ನು ಬಿಚ್ಚಿ ಕ್ಯಾಬಿನ್ನಿನ ಬಲಗಡೆ ಕಿಟಕಿಗೇ ಕಟ್ಟಿಕೊಂಡಿದ್ದ. ಇದನ್ನು ಅವನು ತನ್ನ ಜಾಣತನದ ಕಥೆಯಾಗಿ ಹೇಳುತ್ತಿದ್ದ. ನಾನೂ ಜಾಣತನವೆಂದೇ ಕೇಳಿ ನಕ್ಕಿದ್ದೇನೆ.

ಗಾಡಿಯ ವಿಷಯಕ್ಕೆ ಬರುತ್ತೇನೆ. ಅದು ತೀರ್ಥಹಳ್ಳಿ ಕಡೆಯ ಒಬ್ಬ ಗುತ್ತಿಗೆದಾರರಿಂದ ಕೊಂಡದ್ದು. ಜೀಪಿಗಿಂತ ಉದ್ದ, ಕಾರಿಗಿಂತ ಎತ್ತರ, ಹತ್ತು ಜನ ಕೂರುವಂಥದು. ಗಿರಿಯಣ್ಣನ ಕೈಗೆ ಬಂದ ಮೇಲೆ ನಾಲ್ಕು ಜನ ಕೂರುವಂಥದಾಯಿತು. ಹಿಂದಿನ ಬೆಂಚುಗಳನ್ನು ಕಿತ್ತು ಅಲ್ಲಿ ಸ್ಪೀಕರಿನ ಪೆಟ್ಟಿಗೆಗಳನ್ನು ಕೂರಿಸಿದ. ಬಾಗಿಲುಗಳ ಒಳಗೆ ರಬ್ಬರ್ ಹಾಳೆ ಅಂಟಿಸಿದ. ಮಾಡಿಗೆ ಒಳಗಡೆಯಿಂದ ಹತ್ತಿಯ ಹಾಸು ಹೊಲಿಸಿದ. ಅದು ಲಲಿತಕ್ಕನ ತವರಿನ ಕೌದಿಯೆಂದು ಆಮೇಲೆ ತಿಳಿಯಿತು. ಪೆಟ್ಟಿಗೆಗಳಿಗೆ ಪ್ಲೈವುಡ್ ಬೇಡ, ಹಲಸಿನ ಹಲಗೆಯೇ ಆಗಬೇಕು ಎಂದು ಹಟ ಹಿಡಿದ. "ಮೃದಂಗ ಹಲಸು, ವೀಣೆ ಹಲಸು. ಅವರೆಲ್ಲ ಹಲಸಿನ ಮನೆ ಬಿಟ್ಟು ಬಂದು ಪ್ಲೈವುಡ್ಡಿನ ಶೆಡ್ಡಲ್ಲಿ ಯಾಕೆ ಇರಬೇಕು?"

ಇದನ್ನೆಲ್ಲ ಮಾಡಿಕೊಟ್ಟವನು ಸೆಲ್ವ. ಓಲ್ಡ್ ಟೌನಿನಲ್ಲಿ ರೇಡಿಯೊ, ಟೇಪ್‌ರೆಕಾರ್ಡರ್ ರಿಪೇರಿಯ ಅಂಗಡಿ. ಅವನ ಅಪ್ಪ ಕಾರ್ಖಾನೆಯ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಗಿರಿಯಣ್ಣನೂ ಸೆಲ್ವನೂ ಒಂದೇ ಕ್ವಾರ್ಟರ್ಸಿನಲ್ಲಿ ಬೆಳೆದವರು. ಸೆಲ್ವ ಕಡಿಮೆ ಮಾತಿನವನು. ಬಾಯಲ್ಲಿ ಸದಾ ಎರಡು ಸ್ಕ್ರೂ ಕಚ್ಚಿಕೊಂಡಿರುತ್ತಿದ್ದುದರಿಂದ ಇರಬಹುದು.

ಇವರಿಬ್ಬರಿಗೂ ಇದ್ದದ್ದು ಒಂದೇ ಕ್ಯಾಸೆಟ್. ಓಲ್ಡ್ ಟೌನಿನ ಚಪ್ಪರವೊಂದರಲ್ಲಿ ನಡೆದ ರಾಮನವಮಿಯ ಕಚೇರಿಯನ್ನು ಸೆಲ್ವ ಎಡಕ್ಕೊಂದು ಬಲಕ್ಕೊಂದು ಮೈಕು ನಿಲ್ಲಿಸಿ ತಾನೇ ಧ್ವನಿಮುದ್ರಿಸಿದ್ದ. ಅದರಲ್ಲಿ ಹಾಡು ಮೇಲೇರಿ ನಿಂತು ಎಲ್ಲ ಸದ್ದಡಗಿದ ಒಂದು ಗಳಿಗೆಯಲ್ಲಿ, ಬಲಗಡೆಯಿಂದ ಯಾರೋ ಕೆಮ್ಮುತ್ತಾರೆ. ಎರಡು ಸಲ, ಬಾಯಿಗೆ ಕೈ ಅಡ್ಡ ಹಿಡಿದಂತೆ.

"ಅದು ನಾನು" ಎನ್ನುತ್ತಿದ್ದ ಗಿರಿಯಣ್ಣ. ಹಾಡಿದವರಿಗಿಂತ ಹೆಚ್ಚು ಹೆಮ್ಮೆಯಿಂದ.

ಹೊಸ ಸ್ಪೀಕರ್ ಹಾಕಲಿ, ಹೊಸ ವಯರು ಎಳೆಯಲಿ, ಪರೀಕ್ಷೆ ಇದೇ. ಕೆಮ್ಮು ಬಾಗಿಲಿನಾಚೆ ಕೇಳಬೇಕು. ಗಾಡಿಯ ಒಳಗೆ ಕೇಳಿದರೆ ಕೆಲಸ ಸರಿಯಾಗಿಲ್ಲ; ಬಿಚ್ಚಬೇಕು.

ಆಮೇಲೆ ಪಿಟೀಲು ಹೋಯಿತು. ಯಾವ ವರ್ಷ ಎಂದು ನನಗೆ ನೆನಪಿಲ್ಲ. ಎಲ್ಲರೂ ಕ್ಯಾಸೆಟ್ ಬಿಟ್ಟು ಸಿ.ಡಿ. ಕೊಳ್ಳುತ್ತಿದ್ದ ಕಾಲ. ಒಂದು ದಿನದಲ್ಲಿ ಹೋದದ್ದಲ್ಲ. ಮೊದಲು ಗಿರಿಯಣ್ಣ, "ಪಿಟೀಲಿನವನು ಸ್ವಲ್ಪ ಒಳಗೆ ಸರಿದಿದ್ದಾನೆ" ಎಂದ. ಕೆಲವು ತಿಂಗಳ ನಂತರ, "ಹಾಡೋರ ಬೆನ್ನ ಹಿಂದೆ ಹೋಗಿ ಕೂತಿದ್ದಾನೆ" ಎಂದ. ಆಮೇಲೆ ಒಂದು ಭಾನುವಾರ ಕಣ್ಣು ತೆರೆದು, "ಎದ್ದು ಹೋದ" ಎಂದ.

ಕೆಮ್ಮೂ ಇಲ್ಲ.

ಕಾರ್ಖಾನೆಯ ಮನುಷ್ಯ ಇಂಥದ್ದಕ್ಕೆಲ್ಲ ಅಳುತ್ತ ಕೂರುವುದಿಲ್ಲ, ಕ್ರಮವಾಗಿ ಹುಡುಕುತ್ತಾನೆ. ಬಲಗಡೆಯ ಸ್ಪೀಕರನ್ನು ಎಡಕ್ಕೆ ಹಾಕಿದ, ಎಡದ್ದನ್ನು ಬಲಕ್ಕೆ. ಆಗಲೂ ಬಲವೇ ಮಂಕು. ಹಾಗಾದರೆ ಸ್ಪೀಕರ್ ಅಲ್ಲ. ಆಂಪ್ಲಿಫೈಯರ್ ಬದಲಿಸಿದ. ಅದೂ ಅಲ್ಲ. ಬಲಕ್ಕೆ ಇನ್ನೊಂದು ಸ್ಪೀಕರ್ ಸೇರಿಸಿದ, ಆಮೇಲೆ ಮತ್ತೊಂದು. ಗಿರಿಯಣ್ಣ ಹೇಳಿದ್ದನ್ನೆಲ್ಲ ಸೆಲ್ವ ಹಾಕಿಕೊಡುತ್ತ ಹೋದ. ಬಲಗಡೆಯ ಬಾಗಿಲು ಎಷ್ಟು ದಪ್ಪವಾಯಿತೆಂದರೆ ಗಿರಿಯಣ್ಣ ಮೊಣಕೈ ಮಡಚಿ ಎದೆಗೊತ್ತಿಕೊಂಡು ಓಡಿಸಬೇಕಾಯಿತು. ನಿಂತ ಗಾಡಿ ಒಂದಿಷ್ಟು ಬಲಕ್ಕೆ ವಾಲಿದಂತೆ ಕಾಣುತ್ತಿತ್ತು. ವಾಲಿತ್ತೋ, ನನಗೇ ಹಾಗನ್ನಿಸಿತ್ತೋ.

ಎಡಗಡೆ ಸೀಟಿನಲ್ಲಿ ಕೂರುತ್ತಿದ್ದ ನನಗೂ ಬಲಗಡೆಯಿಂದ ಬರುವ ಅಬ್ಬರ ಕೇಳುತ್ತಿತ್ತು. ಹಾಗೆಂದು ಹೇಳಬಹುದಿತ್ತು. ಹೇಳಲಿಲ್ಲ. ಕೇಳುವುದನ್ನು ನನಗೆ ಕಲಿಸಿದವನೇ ಅವನು. ಗುರುವಿಗೆ ಕೇಳಿಸದ್ದು ಶಿಷ್ಯನಿಗೆ ಕೇಳಿಸಿದರೆ ತಪ್ಪು ಶಿಷ್ಯನ ಕಿವಿಯದೇ ಅಲ್ಲವೇ. ಅಬ್ಬರದೊಳಗೆ ಏನೋ ಒಂದು ಸೂಕ್ಷ್ಮ ಕಾಣೆಯಾಗಿರಬೇಕು, ಅದು ನನ್ನಂಥವನಿಗೆ ತಿಳಿಯುವುದಲ್ಲ ಎಂದುಕೊಂಡೆ.

ಎಲ್ಲವನ್ನೂ ಬದಲಿಸಿದ ಮೇಲೆ ಗಿರಿಯಣ್ಣನ ಲೆಕ್ಕದಲ್ಲಿ ಉಳಿದದ್ದು ಬಾಗಿಲಿನೊಳಗೆ ಸೆಲ್ವ ಎಳೆದಿದ್ದ, ಹೊರಗೆ ಕಾಣದ ವಯರು. ಕಾಣದ್ದು ಎಂದರೆ ಕಳ್ಳತನ. ಒಂದು ಮಧ್ಯಾಹ್ನ ಓಲ್ಡ್ ಟೌನಿನ ಟೀ ಅಂಗಡಿಯ ಮುಂದೆ, ಹತ್ತಾರು ಜನ ಲೋಟ ಹಿಡಿದು ನಿಂತಿರುವಾಗ, ಅವನು ಎದುರಿನ ಸೆಲ್ವನ ಅಂಗಡಿಯತ್ತ ತಿರುಗಿ ಕೂಗಿದ.

"ಏ ಸೆಲ್ವ, ಬಲಗಡೆಗೆ ಏನೋ ಹಳೇ ಮಾಲು ತುರುಕಿದೀಯ. ಒಪ್ಕೊಂಡುಬಿಡು!"

ಸೆಲ್ವ ಬಾಯಿಂದ ಸ್ಕ್ರೂ ತೆಗೆದ. "ಅಪ್ಪಾ ಗಿರಿ, ಎರಡೂ ಕಡೆದು ಒಂದೇ ಸುರುಳಿ ವಯರು. ನಿನ್ನ ಎದುರಿಗೇ ಕತ್ತರಿಸಿದ್ದು."

"ನಂಗೆ ವಯರಿನ ಕಥೆ ಬೇಡ. ಹೇಳು, ಬಲಗಡೆ ಯಾಕೆ ಬರಲ್ಲ?"

ಸೆಲ್ವ ಏನೋ ಹೇಳಹೊರಟವನು ಸುಮ್ಮನಾದ. ಈ ಸುಮ್ಮನಾದದ್ದನ್ನು ನಾನು ನೋಡಿದೆನೋ, ಮುಂದೆ ಗೊತ್ತಾದ ವಿಷಯದಿಂದ ಹಿಂದಕ್ಕೆ ತಂದು ಸೇರಿಸಿಕೊಂಡೆನೋ, ಖಾತ್ರಿಯಿಲ್ಲ. ಗಿರಿಯಣ್ಣ ಹೇಳಿದ್ದಂತೂ ಖಾತ್ರಿ.

"ಕಳ್ಳ" ಎಂದ. ಮೂರನೇ ಮನೆಗೆ ಕೇಳುವ ದನಿಯಲ್ಲಿ.

ಸೆಲ್ವ ಹಗಲು ಹೊತ್ತಿನಲ್ಲೇ ಶಟರ್ ಎಳೆದ. ಅದೇ ವರ್ಷ ಅಂಗಡಿಯನ್ನು ಶಿವಮೊಗ್ಗಕ್ಕೆ ಸಾಗಿಸಿದ. ಅಲ್ಲಿ ಗಿರಾಕಿ ಜಾಸ್ತಿ ಎಂದು ಹೇಳಿಕೊಂಡ. ಇಲ್ಲಿ ಗಿರಾಕಿ ಕಡಿಮೆಯಾಗಿದ್ದರು ಎಂದು ಬೇರೆಯವರು ಹೇಳಿದರು. ನಲವತ್ತು ವರ್ಷ ಜೊತೆಗೆ ಬೆಳೆದವರು ಎರಡು ವರ್ಷ ಮಾತು ಬಿಟ್ಟರು. ಸಂತೆಯಲ್ಲಿ ಎದುರಾದರೂ ಗಿರಿಯಣ್ಣ ಅಂಗೈ ಅಡ್ಡ ಹಿಡಿದು ಪಕ್ಕಕ್ಕೆ ಸರಿಯುತ್ತಿದ್ದನಂತೆ.

ನಿವೃತ್ತನಾದ ತಿಂಗಳೇ ಅವನು ನನ್ನ ಕೆಲಸದ ಜಾಗಕ್ಕೆ ಬಂದ. ನಾನು ಆಗ ಶಿವಮೊಗ್ಗದ ಒಂದು ದಿನಪತ್ರಿಕೆಯಲ್ಲಿ ಜಾಹೀರಾತು ಬರೆದುಕೊಳ್ಳುವ ಕೌಂಟರಿನಲ್ಲಿದ್ದೆ, ಅದಕ್ಕೇ ಅವನ ಬಾಯಲ್ಲಿ ನಾನು "ಪೇಪರ್ನೋನು."

"ಗಾಡಿ ಮಾರ್ತೀನಿ. ಬರ್ಕೋ."

"ಯಾಕೆ ಗಿರಿಯಣ್ಣ?"

"ಪಿಟೀಲಿಲ್ಲದ ಕಚೇರಿ ಎಷ್ಟು ದಿನ ಅಂತ ಕೇಳೋದು? ಬರ್ಕೋ. ಒಳ್ಳೇ ಕಂಡೀಷನ್ನು. ಹಲಸಿನ ಪೆಟ್ಟಿಗೆ. ಬಲಗಡೆ ಮೂಕ. ಹಾಕಿದವನು ನಂಬಿಸಿ ಮೋಸ ಮಾಡಿದ್ದಾನೆ."

"ಮಾರೋ ಗಾಡಿಗೆ ಯಾರಾದರೂ ಹಿಂಗೆ ಬರೆಸ್ತಾರಾ?"

"ತಗೊಂಡೋನು ನಾಳೆ ಬಂದು ನನ್ನ ಕಳ್ಳ ಅನ್ನಬಾರದು."

ಜಾಹೀರಾತಿನ ಕೊನೆಯ, ಮೋಸದ ವಾಕ್ಯವನ್ನು ನಾನು ತೆಗೆದುಹಾಕಿದೆ. ಹೆಸರಿಲ್ಲದಿದ್ದರೂ ಓದಿದವರಿಗೆ ಸೆಲ್ವ ಎಂದು ಗೊತ್ತಾಗುತ್ತದೆ ಎಂದು, ಅವನು ಆಚೆ ಹೋದ ಮೇಲೆ ಪೆನ್ನಿನಿಂದ ಗೀಟು ಎಳೆದೆ. ಎಷ್ಟೋ ಸಲ ಇದನ್ನು ಹೀಗೆಯೇ ಹೇಳಿದ್ದೇನೆ.

ನೋಡಲು ಜನ ಬಂದರು. ಬಂದವರನ್ನು ಗಿರಿಯಣ್ಣ ಸ್ಟಿಯರಿಂಗಿನ ಹಿಂದೆ ಕೂರಿಸಿ, ಎಂಜಿನ್ ತೋರಿಸುವ ಮೊದಲೇ, "ಬಲಗಡೆ ಏನೂ ಬರಲ್ಲ. ಮೊದಲೇ ಹೇಳಿಬಿಡ್ತೀನಿ" ಎಂದು ಕ್ಯಾಸೆಟ್ ಹಾಕುತ್ತಿದ್ದ. ಬಲಗಡೆಯಿಂದ ಮೂರು ಸ್ಪೀಕರುಗಳು ಒಟ್ಟಿಗೆ ಅವರ ಕಿವಿಗೆ ಅಪ್ಪಳಿಸುತ್ತಿದ್ದವು.

ಪ್ರವಾಸದ ಗಾಡಿ ಓಡಿಸುವವನೊಬ್ಬ, "ಚೆನ್ನಾಗೇ ಬರ್ತಿದೆಯಲ್ಲ ಸಾರ್" ಎಂದ.

"ನನ್ನ ಸಮಾಧಾನಕ್ಕೆ ಹೇಳಬೇಡಿ" ಎಂದ ಗಿರಿಯಣ್ಣ ಬೇಸರದಿಂದ.

ಅಡಿಕೆ ಮಂಡಿಯ ಅಣ್ಣತಮ್ಮಂದಿರು ಕೂತು, ಕೇಳಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಳಿದರು. ಗೇಟಿನಾಚೆ ತಮ್ಮ ಅಣ್ಣನಿಗೆ ಹೇಳುವುದು ನನಗೆ ಕೇಳಿಸಿತು: "ಇಲ್ಲದ ರೋಗ ಹೇಳ್ತಿದ್ದಾನೆ ಅಂದ್ರೆ ಇರೋ ರೋಗ ಎಷ್ಟು ದೊಡ್ಡದಿರಬೇಕು, ಬಾ ಮಾರಾಯ ಹೋಗಣ." ಹೀಗೆ ಆರೇಳು ಮಂದಿ ವಾಪಸ್ಸು ಹೋದರು. ಸುಳ್ಳು ಹೇಳಿ ಮಾರುವವರನ್ನು ನಿಭಾಯಿಸುವುದು ಗಿರಾಕಿಗಳಿಗೆ ಗೊತ್ತು. ಇಂಥವನನ್ನು ಏನು ಮಾಡುವುದೆಂದು ಅವರಿಗೆ ತಿಳಿಯಲಿಲ್ಲ.

ಕೊನೆಗೆ ಬಂದದ್ದು ಹೊಸಮನೆ ಬಡಾವಣೆಯ ಸರೋಜಮ್ಮ. ಶಿವಮೊಗ್ಗದಲ್ಲಿ ಮದುವೆ ಮನೆಗಳ ಅಡುಗೆಯ ಕಂಟ್ರಾಕ್ಟ್ ಮಾಡುವವರು. ತಾವೇ ಗಾಡಿ ಓಡಿಸುವವರು. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ನೇರ ಹಿಂಬಾಗಿಲು ತೆಗೆದರು.

"ಇಲ್ಲಿ ಎಷ್ಟು ಪಾತ್ರೆ ಹಿಡಿಯುತ್ತೆ?"

"ಪಾತ್ರೆ ಅಲ್ಲಮ್ಮ, ಅದು ಸೌಂಡ್ ಬಾಕ್ಸ್. ಹಲಸು."

"ಹಲಸೋ ಹುಣಸೆಯೋ. ಇದನ್ನ ತೆಗೆದ್ರೆ ಅನ್ನದ ಕೊಳಗ ಎರಡು ಕೂರುತ್ತಾ, ಇಲ್ವಾ?"

ಗಿರಿಯಣ್ಣನ ಮುಖ ನೋಡಲಾಗಲಿಲ್ಲ. ಆದರೂ ಶಿಸ್ತು ಬಿಡಲಿಲ್ಲ. ಅವರನ್ನು ಮುಂದೆ ಕೂರಿಸಿದ, ಎಡಗಡೆ ನಾನು ಕೂತು ಕ್ಯಾಸೆಟ್ ಹಾಕಿದೆ. ಅವನು ಗಾಡಿಯ ಮುಂದೆ, ಬಾನೆಟ್ಟಿನಾಚೆ, ಕೈ ಕಟ್ಟಿಕೊಂಡು ನಿಂತ. "ಬಲಗಡೆ ಏನೂ ಬರಲ್ಲ" ಎಂದು ಹೊರಗಿನಿಂದಲೇ ಕೂಗಿದ.

"ಏನಾದ್ರೂ ಇರಲಿ ಬಿಡಿ, ನಂಗೆ ಹಾಡು ಬೇಡ" ಎಂದರು ಸರೋಜಮ್ಮ. ಆದರೆ ಕೂತವರು ಏಳಲಿಲ್ಲ. ದಿನವಿಡೀ ಒಲೆಯ ಮುಂದೆ ನಿಲ್ಲುವವರಿಗೆ ಆ ಮೆತ್ತನೆಯ ಸೀಟು ಹಿಡಿಸಿರಬೇಕು. ಹಾಡು ಮೇಲೇರಿತು. ನಿಂತಿತು. ಎಲ್ಲ ಸದ್ದಡಗಿತು.

ಆಗ ಸರೋಜಮ್ಮ ಥಟ್ಟನೆ ಬಲಕ್ಕೆ ತಿರುಗಿ ಕಿಟಕಿಯಾಚೆ ನೋಡಿದರು. ಗಾಜು ಇಳಿಸಿ ತಲೆ ಹೊರಹಾಕಿ, "ಯಾರ್ರೀ ಅದು ಕೆಮ್ಮಿದ್ದು?" ಎಂದರು.

ಅಲ್ಲಿ ಯಾರೂ ಇರಲಿಲ್ಲ.

ನಾನು ಗಿರಿಯಣ್ಣನನ್ನು ನೋಡುತ್ತಿದ್ದೆ. ಅವನು ಹಾಡನ್ನು ಕೇಳುತ್ತಿರಲಿಲ್ಲ. ಗಾಜಿನ ಮೂಲಕ ಆ ಹೆಂಗಸಿನ ತಲೆ ತಿರುಗಿದ್ದನ್ನು ನೋಡಿದ. ಬಾಯಿ ಹೇಳಿದ್ದರೆ ನಂಬುತ್ತಿರಲಿಲ್ಲ. ತಲೆ ತಿರುಗಿತ್ತು. ಬಲಕ್ಕೇ ತಿರುಗಿತ್ತು, ಬಾಗಿಲಿನಾಚೆಗೆ. ಅವನು ಬಂದು ನನ್ನ ಕಡೆಯ ಬಾಗಿಲು ತೆಗೆದು, "ಇನ್ನೊಂದ್ಸಲ ಹಾಕು" ಎಂದ. ಅವರ ಮುಂದೆಯೇ ನಿಂತು ನೋಡಿದ. ಸರೋಜಮ್ಮ ಈ ಸಲ ಗೊತ್ತಿದ್ದೂ ಕಣ್ಣು ಹೊರಳಿಸಿದರು. ಆಮೇಲೆ ಅವರನ್ನು ಇಳಿಸಿ ತಾನೇ ಕೂತ. ಒಂದು ಸಲ ಕೇಳಿದ. ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದ. ಎಡಗಿವಿಗೆ ಬೆರಳು ತುರುಕಿಕೊಂಡು ಮತ್ತೆ ಕೇಳಿದ.

ಬಲು ಹೊತ್ತು ಆ ಬೆರಳನ್ನು ತೆಗೆಯಲೇ ಇಲ್ಲ.

ಇಷ್ಟು ವರ್ಷ ಅವನು ಬದಲಿಸದೇ ಬಿಟ್ಟಿದ್ದದ್ದು ಬಲಗಿವಿಯೊಂದೇ. ಕ್ರೇನಿನ ಗಂಟೆ ಬಲಗಡೆ ಕಿಟಕಿಯಲ್ಲಿ ಬಾರಿಸಿದ್ದು ಎಷ್ಟು ಸಾವಿರ ಸಲವೋ. ತುಳಿದದ್ದೂ ಅವನದೇ ಕಾಲು.

"ಏನಾಯ್ತ್ರೀ ಇವರಿಗೆ?" ಎಂದು ಸರೋಜಮ್ಮ ನನ್ನನ್ನು ಕೇಳಿದರು. "ಗಾಡಿ ನಂಗೆ ಬೇಕು. ಆ ಪೆಟ್ಟಿಗೆ ಗಿಟ್ಟಿಗೆ ಎಲ್ಲ ಬಿಚ್ಚಿಸಿ ಕೊಡೋಕ್ಕೆ ಹೇಳಿ."

ಲಲಿತಕ್ಕ ಕಾಫಿ ತಂದಳು. ಅವಳು ಅವನ ಎಡಗಡೆಗೆ ಸುತ್ತಿ ಬಂದು ಲೋಟ ಕೊಟ್ಟದ್ದು ನನಗೆ ಆಗ ಮೊದಲ ಸಲ ಕಣ್ಣಿಗೆ ಬಿತ್ತು. ಒಳಗೆ ಹೋಗಿ ಮೆಲ್ಲಗೆ ಕೇಳಿದೆ: "ನಿಂಗೆ ಗೊತ್ತಿತ್ತಾ ಲಲಿತಕ್ಕ?"

"ಏನು ಗೊತ್ತಿರೋದು? ಎಡಗಡೆಯಿಂದ ಕರೆದ್ರೆ ಬರ್ತಾರೆ, ಬಲಗಡೆಯಿಂದ ಕರೆದ್ರೆ ಬರಲ್ಲ. ಗಂಡಸ್ರು ಹಂಗೇ ಅನ್ಕೊಂಡಿದ್ದೆ" ಎಂದಳು. ಆಮೇಲೆ, "ಸೆಲ್ವಣ್ಣನ ಹತ್ರ ಯಾವಾಗ ಹೋಗ್ತಾರಂತೆ?" ಎಂದಳು.

ಮರುದಿನ ಬೆಳಿಗ್ಗೆಯೇ ಹೋದೆವು. ಭದ್ರಾವತಿಯಿಂದ ಶಿವಮೊಗ್ಗದವರೆಗೆ ಅವನು ಕ್ಯಾಸೆಟ್ ಹಾಕಲಿಲ್ಲ. ಗಾಡಿಯೊಳಗೆ ಎಂಜಿನ್ನಿನ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಹಳ ಸಾಧಾರಣ ಸದ್ದು.

ಸೆಲ್ವ ಕೌಂಟರಿನ ಹಿಂದೆ ಇದ್ದ. ನಮ್ಮನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ. ಗಿರಿಯಣ್ಣ ಎದುರು ನಿಂತು, ಹೇಗೆ ಶುರುಮಾಡುವುದೆಂದು ತಿಳಿಯದೆ, ಕೈ ಎತ್ತಿ ಬಲಗಿವಿಯನ್ನು ಮುಟ್ಟಿದ. ಆಮೇಲೆ ಅಂಗೈ ಅಡ್ಡ ಆಡಿಸಿದ. ಇಲ್ಲ, ಸತ್ತಿದೆ.

"ಗೊತ್ತು" ಎಂದ ಸೆಲ್ವ.

"ಯಾವಾಗಿಂದ?"

"ಮೂರನೇ ಸ್ಪೀಕರ್ ಹಾಕಿದಾಗ. ಮೀಟರ್ ಇಟ್ಟು ನೋಡಿದೆ. ಎರಡೂ ಕಡೆ ಸರಿಯಾಗಿತ್ತು."

"ಹೇಳಬಾರದಿತ್ತಾ?"

"ನಿಂಗೆ ಇನ್ನೂ ಎರಡು ವರ್ಷ ಸರ್ವಿಸ್ ಇತ್ತು. ಯಾರ ಕಿವಿಗಾದ್ರೂ ಬಿದ್ರೆ ಕ್ರೇನಿಂದ ಇಳಿಸಿ ಕೆಳಗೆ ಎಲ್ಲಾದ್ರೂ ಕೂರಿಸೋರು. ನೀನು ಕೆಳಗೆ ಇರೋ ಆಳಾ?"

ಸೆಲ್ವನಿಗೆ ಆಗಲೇ ಗೊತ್ತಿತ್ತೇ, ಅಥವಾ ಎರಡು ವರ್ಷದಲ್ಲಿ ಯೋಚಿಸಿ ಕಂಡುಕೊಂಡನೇ, ನಾನು ಹೇಳಲಾರೆ. ಗಿರಿಯಣ್ಣನಂತೂ ನಂಬಿದ. 'ತಪ್ಪಾಯ್ತು' ಎಂದೋ ಏನೋ ಅವನು ಬಾಯಿ ತೆರೆಯುವಷ್ಟರಲ್ಲಿ ಸೆಲ್ವ ಡ್ರಾಯರ್ ಎಳೆದು ಒಂದು ಕಾಗದದ ತುಂಡನ್ನು ಕೌಂಟರಿನ ಮೇಲಿಟ್ಟ. ನಮ್ಮ ಪತ್ರಿಕೆಯಿಂದ ಕತ್ತರಿಸಿದ್ದು. ಬಲಗಡೆ ಮೂಕ. ಹಾಕಿದವನು ನಂಬಿಸಿ ಮೋಸ ಮಾಡಿದ್ದಾನೆ.

ವಾಕ್ಯ ಅಲ್ಲಿತ್ತು. ನಾನು ಗೀಟು ಎಳೆದಿದ್ದ ವಾಕ್ಯ ಇಡಿಯಾಗಿ ಅಚ್ಚಾಗಿತ್ತು. ಗೀಟು ಎಳೆದ ಪೆನ್ನಿನ ಬಣ್ಣ ಕೂಡ ಇವತ್ತಿಗೂ ನನಗೆ ನೆನಪಿದೆ; ಆದರೆ ನಾನು ಎಳೆದೇ ಇರಲಿಲ್ಲ. ಸೆಲ್ವ ನನ್ನ ಕಡೆ ನೋಡಲಿಲ್ಲ. ಅದು ನನಗೆ ಸಿಕ್ಕ ಶಿಕ್ಷೆಯೋ ಕರುಣೆಯೋ ಎಂದು ತೀರ್ಮಾನಿಸಲು ಇನ್ನೂ ಆಗಿಲ್ಲ.

"ನೋಡು ಗಿರಿ" ಎಂದ ಸೆಲ್ವ. "ನಿಂಗೆ ಕೇಳಿಸ್ತಾ ಇರಲಿಲ್ಲ, ಸರಿ. ಟೀ ಅಂಗಡಿ ಮುಂದೆ ನೀನು ಕಳ್ಳ ಅಂದಿದ್ದು ನಂಗೆ ಕೇಳಿಸ್ತು. ನನ್ನವು ಎರಡು ಕಿವೀನೂ ಸರಿಯಾಗಿವೆ."

ಆಮೇಲೆ ಬಾಯಿಗೆ ಎರಡು ಸ್ಕ್ರೂ ಹಾಕಿಕೊಂಡು ಗಾಡಿಯತ್ತ ನಡೆದ. ಸಂಜೆಯವರೆಗೆ ಬಲಗಡೆಯದನ್ನೆಲ್ಲ ಬಿಚ್ಚಿದ. ಆಮೇಲೆ ಎಡದ್ದು, ಹಿಂದಿನದು. ಗಿರಿಯಣ್ಣ ಪಕ್ಕದಲ್ಲಿ ನಿಂತು ಸ್ಪಾನರ್ ಕೊಡುತ್ತಿದ್ದ. ಕ್ಷಮಿಸಿದ ಎಂದು ಬರೆಯಲು ನನಗೆ ಯಾವ ಆಧಾರವೂ ಇಲ್ಲ.

ಗಾಡಿ ಸರೋಜಮ್ಮನ ಮನೆ ಸೇರಿತು. ಅದರಲ್ಲಿ ಸಾರಿನ ವಾಸನೆ ಹತ್ತಿತು ಎಂದು ಕೇಳಿದ್ದೇನೆ. ಗಿರಿಯಣ್ಣ ಮಾತ್ರ ಆ ವಾರದಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಲು ಶುರುಮಾಡಿದ. ವಾರಕ್ಕೆ ಮೂರು ದಿನ, ಆಮೇಲೆ ನಾಲ್ಕು ದಿನ. ಸೆಲ್ವನ ಅಂಗಡಿಯ ಬೆಂಚಿನ ಮೇಲೆ, ಎಡಗಿವಿ ಬೀದಿಯ ಕಡೆ ಮಾಡಿ ಕೂರುತ್ತಿದ್ದ. ಯಾರಾದರೂ ಗಿರಾಕಿ ಒಳಗೆ ಕಾಲಿಟ್ಟರೆ ಎದ್ದು ನಿಂತು, ಆ ದನಿಯಲ್ಲಿ, ಹೇಳುತ್ತಿದ್ದ:

"ಇವನನ್ನ ಕಳ್ಳ ಅಂದಿದ್ದು ನಾನು. ಓಲ್ಡ್ ಟೌನಲ್ಲಿ, ಎಲ್ಲರ ಮುಂದೆ. ತಪ್ಪು ನಂದು. ಇವನು ಒಳ್ಳೇ ಮಾಲೇ ಹಾಕ್ತಾನೆ."

ಗಿರಾಕಿ ಬೆಚ್ಚಿಬೀಳುತ್ತಿದ್ದ. ಕಳ್ಳ ಎಂಬ ಮಾತು ತಲೆಗೆ ಹೋಗುತ್ತಿತ್ತು. ಮುಂದಿನದು ಹೋಗುವಷ್ಟರಲ್ಲಿ ಅರ್ಧ ಜನ ಹೊರಗಿರುತ್ತಿದ್ದರು.

"ಎನ್ನಪ್ಪಾ ನೀನು!" ಎಂದು ಸೆಲ್ವ ತಲೆ ಚಚ್ಚಿಕೊಳ್ಳುತ್ತಿದ್ದ. "ಭದ್ರಾವತೀಲಿ ಹತ್ತು ಜನಕ್ಕೆ ಗೊತ್ತಿತ್ತು. ಈಗ ಶಿವಮೊಗ್ಗಕ್ಕೆಲ್ಲ ಗೊತ್ತು ಮಾಡ್ತಿದೀಯ. ಸಾಕು ಸಾಮಿ, ಬಿಟ್ಟುಬಿಡು."

"ಅವತ್ತು ಎಷ್ಟು ಜೋರಾಗಿ ಹೇಳಿದ್ನೋ ಅಷ್ಟೇ ಜೋರಾಗಿ ಹೇಳ್ಬೇಕು."

"ಅವತ್ತು ನೀನು ಒಂದೇ ಸಲ ಹೇಳಿದ್ದೆ."

"ಅವತ್ತು ಕೇಳಿದೋರು ಎಷ್ಟು ಸಲ ಹೇಳಿಕೊಂಡು ತಿರುಗಿದ್ರೋ, ಯಾರು ಲೆಕ್ಕ ಇಟ್ಟಿದಾರೆ?"

ಇಬ್ಬರ ಮಾತು ಮತ್ತೆ ಶುರುವಾದದ್ದು ಹೀಗೆ, ಜಗಳದಿಂದ. ನಾನು ಗಿರಿಯಣ್ಣನನ್ನು ಕೊನೆಯ ಸಲ ನೋಡಿದ್ದೂ ಅದೇ ಬೆಂಚಿನ ಮೇಲೆ. ನನ್ನನ್ನು ಕಂಡು ಎದ್ದು ನಿಂತ. ನಾನು ಗಿರಾಕಿಯಲ್ಲ ಎಂದು ತಿಳಿದು ಕೂತ. ಕಿವಿಗೆ ಮೆಷಿನ್ ಹಾಕಿಸಿಕೊಳ್ಳಬಾರದಾ ಎಂದು ಕೇಳಿದೆ. "ಇರೋದು ಸಾಕು ಮಾರಾಯ" ಎಂದ. ಬಸ್ಸಿಗೆ ಹೊತ್ತಾಯಿತೆಂದು ನಾನು ಹೊರಟೆ.

ಅವನು ಹೋದದ್ದು ಹೃದಯಾಘಾತದಿಂದ, ಮನೆಯಲ್ಲಿ, ತಿಂಡಿಯ ಹೊತ್ತಿಗೆ. ಅಂಗೈ ಅಡ್ಡ ಹಿಡಿದನಂತೆ. ಲಲಿತಕ್ಕ ದೋಸೆ ಸಾಕು ಎಂದು ತಿಳಿದಳಂತೆ. ಈ ಮಾತನ್ನು ಅವಳೇ ನನಗೆ ಹೇಳಿದಳು, ಒಂದೇ ಸಲ.

ಕೆಲವು ತಿಂಗಳ ನಂತರ ನನ್ನ ರೇಡಿಯೊ ಹಿಡಿದು ಸೆಲ್ವನ ಅಂಗಡಿಗೆ ಹೋದೆ. ರೇಡಿಯೊ ಕೆಟ್ಟಿತ್ತೋ ಅಥವಾ ಹೋಗಲು ನೆಪ ಬೇಕಿತ್ತೋ. ಒಬ್ಬ ಗಿರಾಕಿ ಕಾರಿಗೆ ಹೊಸ ಸೆಟ್ ಹಾಕಿಸಿಕೊಳ್ಳಲು ಬಂದು ದರ ಕೇಳಿ, ಡಬ್ಬ ತಿರುಗಿಸಿ ನೋಡಿ, ಆಗಲಿ ಎಂದ. ಬೆಂಚು ಖಾಲಿಯಿತ್ತು. ಸೆಲ್ವ ಡಬ್ಬಕ್ಕೆ ಕೈಹಾಕಿದವನು ಹಾಗೇ ನಿಂತ. ಯಾರೋ ಮಾತಾಡಲೆಂದು ಕಾದಂತಿತ್ತು. ಬೀದಿಯಲ್ಲಿ ಸಿಟಿ ಬಸ್ಸೊಂದು ಹೋಯಿತು.

ಸೆಲ್ವ ಬಾಯಿಂದ ಸ್ಕ್ರೂಗಳನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡ.

"ಹಾಕೋಕ್ಕೆ ಮುಂಚೆ ಒಂದು ವಿಷಯ. ಭದ್ರಾವತೀಲಿ ಒಬ್ಬ ನನ್ನ ಕಳ್ಳ ಅಂದಿದ್ದ."

ಗಿರಾಕಿ ಗಾಬರಿಯಿಂದ ನನ್ನ ಮುಖ ನೋಡಿ, ಅವನ ಮುಖ ನೋಡಿದ. "ಇದನ್ನ ಯಾಕ್ರೀ ನಂಗೆ ಹೇಳ್ತಿದೀರಿ?"

"ತಪ್ಪು ಅವನದು ಅಂತ ಅವನೇ ಇಲ್ಲಿ ಕೂತು ಹೇಳ್ತಿದ್ದ" ಎಂದ ಸೆಲ್ವ. "ಈಗ ನಾನೇ ಹೇಳ್ಕೋಬೇಕು."